ಕಾಮಾಲೆ ಇಳಿದವನಿಗೆ ಒಂದು ತಾರೀಖು ಬರೆದುಕೊಡಿ: ಆರೋಗ್ಯ ಮತ್ತು ಅಬಕಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಹಾಗೂ ಮಾನ್ಯ ಅಬಕಾರಿ ಸಚಿವರಿಗೆ,

ನಮಸ್ಕಾರಗಳು.

ನಾನು ಹಳೇ ಮೈಸೂರು ಭಾಗದ ತಾಲೂಕು ಕೇಂದ್ರವೊಂದರಲ್ಲಿ, ಒಂದು ಸಣ್ಣ ರಕ್ತಪರೀಕ್ಷಾ ಲ್ಯಾಬಿನಲ್ಲಿ ಟೆಕ್ನಿಷಿಯನ್. ಕಾಮಾಲೆ ಆರೋಗ್ಯ ಇಲಾಖೆಯ ಕಡತ, ಮದ್ಯ ಅಬಕಾರಿ ಇಲಾಖೆಯ ಕಡತ. ಕಾಮಾಲೆಯಿಂದ ಎದ್ದು ಓಡಾಡುತ್ತಿರುವ ಮನುಷ್ಯನೊಬ್ಬ ಮತ್ತೆ ಲೋಟ ಹಿಡಿಯುವ ಹೊತ್ತಿಗೆ ಅವನಿಗೆ ಏನು ಹೇಳಬೇಕು ಅನ್ನುವುದು ಎರಡು ಕಡತಗಳ ನಡುವೆ ಬಿದ್ದುಹೋಗಿದೆ. ಹಾಗಾಗಿ ಇಬ್ಬರಿಗೂ ಒಂದೇ ಪತ್ರ ಬರೆಯುತ್ತಿದ್ದೇನೆ.

ಲಿವರ್ ಕೆಟ್ಟವರ ರಕ್ತ ನಮಗೆ ಯಂತ್ರಕ್ಕೆ ಹಾಕುವ ಮೊದಲೇ ಗೊತ್ತಾಗುತ್ತದೆ. ತಿರುಗಿಸಿ ತೆಗೆದ ಟ್ಯೂಬಿನಲ್ಲಿ ಮೇಲೆ ನಿಲ್ಲುವ ಸೀರಂ ತಿಳಿ ಒಣಹುಲ್ಲಿನ ಬಣ್ಣದಲ್ಲಿರಬೇಕು. ಕಾಮಾಲೆ ಇದ್ದರೆ ಗಾಢ ಹಳದಿ, ಜೋರಾಗಿದ್ದರೆ ಕಿತ್ತಳೆ. ಆಮೇಲೆ ಅಂಕಿಗಳು ಬರುತ್ತವೆ. ಹಳದಿ ಬಣ್ಣ ತರುವ ಬಿಲಿರುಬಿನ್ 1.2ರೊಳಗೆ ಇರಬೇಕಾದದ್ದು 10, 12 ತೋರಿಸುತ್ತದೆ. ಎಸ್‌ಜಿಪಿಟಿ (ಲಿವರಿನ ಕೋಶ ಒಡೆದಾಗ ರಕ್ತಕ್ಕೆ ಸೋರುವ ಕಿಣ್ವ) 40ರ ಆಸುಪಾಸಿನಲ್ಲಿ ಇರಬೇಕಾದದ್ದು ಸಾವಿರ ದಾಟುತ್ತದೆ. ಇಂಥ ಅಂಕಿ ಬಂದವರಲ್ಲಿ ಹೆಚ್ಚಿನವರಿಗೆ ಆಗಿರುವುದು ಲಿವರಿಗೆ ತಗಲುವ ವೈರಸ್ ಸೋಂಕು, ಹೆಪಟೈಟಿಸ್ ಎ ಅಥವಾ ಇ. ಎರಡೂ ಕೊಳಚೆ ಸೇರಿದ ನೀರಿನಿಂದ, ಕೈ ತೊಳೆಯದೆ ಮಾಡಿದ ಊಟದಿಂದ ಬರುವವು. ಎರಡಕ್ಕೂ ಸಾಮಾನ್ಯವಾಗಿ ವೈರಸ್ ಕೊಲ್ಲುವ ಔಷಧ ಕೊಡುವುದಿಲ್ಲ. ದೇಹವೇ ವಾಸಿ ಮಾಡಿಕೊಳ್ಳುತ್ತದೆ, ನಾವು ಅಡ್ಡ ಬರದಿದ್ದರೆ ಸಾಕು. ಹಾಗೆ ಅಡ್ಡ ಬರುವ ವಸ್ತುಗಳಲ್ಲಿ ಮೊದಲನೆಯದು ಮದ್ಯ.

ಇದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ. ಎಲ್ಲ ಡಾಕ್ಟರೂ ಬಾಯಲ್ಲಿ ಹೇಳುತ್ತಾರೆ. ನನ್ನ ದೂರು, ಹೇಳುವ ರೀತಿಯ ಬಗ್ಗೆ. ಆಸ್ಪತ್ರೆಯಿಂದ ಬಿಡುಗಡೆಯಾಗಿ ನಮ್ಮಲ್ಲಿಗೆ ಮರುಪರೀಕ್ಷೆಗೆ ಬರುವವರ ಚೀಟಿಗಳನ್ನು ನಾನು ನೋಡುತ್ತೇನೆ. ಮಾತ್ರೆಗಳ ಹೆಸರು ಇರುತ್ತದೆ, ‘ಬೆಡ್ ರೆಸ್ಟ್’ ಇರುತ್ತದೆ, ‘ಲೋ ಫ್ಯಾಟ್ ಡಯಟ್’ ಇರುತ್ತದೆ. ಮದ್ಯದ ಬಗ್ಗೆ ಒಂದೋ ಏನೂ ಇರುವುದಿಲ್ಲ, ಇದ್ದರೆ ‘ಅವಾಯ್ಡ್ ಆಲ್ಕೋಹಾಲ್’ ಎಂದು ಇಂಗ್ಲಿಷಿನಲ್ಲಿ, ಡಾಕ್ಟರ ಕೈಬರಹದಲ್ಲಿ, ಮೂಲೆಯಲ್ಲಿ. ಎಷ್ಟು ದಿನ? ಯಾವ ಪರೀಕ್ಷೆ ಸರಿಯಾಗುವವರೆಗೆ? ಅದು ಎಲ್ಲೂ ಇರುವುದಿಲ್ಲ. ಕಾಲು ಮುರಿದವನಿಗೆ ಪಟ್ಟಿ ಬಿಚ್ಚುವ ತಾರೀಖು ಬರೆದುಕೊಡುತ್ತಾರೆ. ಲಿವರ್ ಕೆಟ್ಟವನಿಗೆ ಬರೆದುಕೊಡುವುದಿಲ್ಲ.

ಬರೆದುಕೊಡದೆ ಇದ್ದಾಗ ಜನ ಕೇಳಿ ತಿಳಿದುಕೊಳ್ಳುತ್ತಾರೆ. ಒಬ್ಬರು ಒಂದು ತಿಂಗಳು ಅನ್ನುತ್ತಾರೆ, ಇನ್ನೊಬ್ಬರು ಮೂರು, ಮತ್ತೊಬ್ಬರು ಆರು. ಔಷಧಿ ಅಂಗಡಿಯವರು ‘ವರ್ಷ ಮುಟ್ಟಬೇಡ’ ಅನ್ನುತ್ತಾರೆ. ನಾಟಿ ಔಷಧ ಕೊಡುವವರು ಮಂಡಲ ಪಥ್ಯ, ಅಂದರೆ 48 ದಿನ. ಐದು ಬಾಯಿಂದ ಐದು ಲೆಕ್ಕ ಕೇಳಿದವನು ಅದರಲ್ಲಿ ಚಿಕ್ಕದನ್ನು ಆರಿಸಿಕೊಳ್ಳುತ್ತಾನೆ. ನಾನಾದರೂ ಹಾಗೇ ಮಾಡುತ್ತಿದ್ದೆನೇನೋ. ಯಾವ ಲೆಕ್ಕವೂ ಬೇಡವಾದರೆ ಕನ್ನಡಿ ನೋಡಿಕೊಳ್ಳುತ್ತಾನೆ. ಕಣ್ಣು ಬೆಳ್ಳಗಾಯಿತು, ಊಟ ಸೇರುತ್ತಿದೆ, ಮೂತ್ರದ ಬಣ್ಣ ತಿಳಿಯಾಯಿತು, ಅಂದಮೇಲೆ ವಾಸಿಯಾಯಿತು.

ಕಣ್ಣು ಬೆಳ್ಳಗಾದದ್ದಕ್ಕೂ ಲಿವರ್ ವಾಸಿಯಾದದ್ದಕ್ಕೂ ಇರುವ ಅಂತರ ನಮ್ಮ ರಿಪೋರ್ಟುಗಳಲ್ಲಿ ದಿನವೂ ಕಾಣುತ್ತದೆ. ಬಿಲಿರುಬಿನ್ 1.4ಕ್ಕೆ ಇಳಿದಿರುತ್ತದೆ, ಎಸ್‌ಜಿಪಿಟಿ ಇನ್ನೂ 150ರಲ್ಲಿರುತ್ತದೆ. ಹೆಪಟೈಟಿಸ್ ಎ ಬಂದ ಬಹುಪಾಲು ಜನರಿಗೆ ಎರಡು ಮೂರು ತಿಂಗಳಲ್ಲಿ ಎಲ್ಲ ಅಂಕಿಗಳೂ ಮೊದಲಿನ ಜಾಗಕ್ಕೆ ಬರುತ್ತವೆ. ಆದರೆ ಹೆಚ್ಚೂಕಡಿಮೆ ಹತ್ತರಲ್ಲಿ ಒಬ್ಬರಿಗೆ ಕಾಯಿಲೆ ಎಳೆದಾಡುತ್ತದೆ. ಇಳಿದ ಅಂಕಿ ಮತ್ತೆ ಏರುತ್ತದೆ, ಆರು ತಿಂಗಳವರೆಗೂ ಹೀಗೆ ನಡೆಯಬಹುದು. ಆ ಹತ್ತರಲ್ಲಿ ಒಬ್ಬ ತಾನೇ ಎಂದು ಯಾರಿಗೂ ಮೊದಲೇ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮರುಪರೀಕ್ಷೆಯಿಂದ ಮಾತ್ರ.

ಒಳಗೆ ನಡೆಯುವುದು ಇಷ್ಟು. ಎ ವೈರಸ್ ತಾನಾಗಿ ಲಿವರಿನ ಜೀವಕೋಶವನ್ನು ಹೆಚ್ಚೇನೂ ಹಾಳು ಮಾಡುವುದಿಲ್ಲ. ವೈರಸ್ ಹೊಕ್ಕ ಕೋಶಗಳನ್ನು ನಮ್ಮದೇ ರೋಗನಿರೋಧಕ ಪಡೆ ಹುಡುಕಿ ಕೊಲ್ಲುತ್ತದೆ. ಉಳಿದ ಕೋಶಗಳು ಒಡೆದು ಎರಡಾಗುತ್ತಾ ಆ ಜಾಗ ತುಂಬುತ್ತವೆ. ಕುಡಿದ ಮದ್ಯದ ಶೇಕಡಾ 90ಕ್ಕಿಂತ ಹೆಚ್ಚು ಪಾಲನ್ನು ಅರಗಿಸಬೇಕಾದದ್ದೂ ಇದೇ ಕೋಶಗಳು. ಅರಗಿಸುವ ದಾರಿಯಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಲಿವರ್ ಗಟ್ಟಿಯಾಗಿದ್ದರೆ ಅದನ್ನು ಬೇಗ ಮುಂದೆ ದಾಟಿಸುತ್ತದೆ. ಅರ್ಧ ಕೋಶಗಳು ಸತ್ತು ಇನ್ನರ್ಧ ಹುಟ್ಟುತ್ತಿರುವ ಲಿವರ್‌ಗೆ ಅದೇ ಕೆಲಸ ಎರಡು ಪಟ್ಟು. ಮೈಕೈ ನೋವೆಂದು ಜೊತೆಗೆ 650ರ ಪ್ಯಾರಾಸಿಟಮಾಲ್ ನುಂಗಿದರೆ ಇನ್ನೂ ಕಷ್ಟ. ಆ ಮಾತ್ರೆಯಿಂದ ಹುಟ್ಟುವ ವಿಷವನ್ನು ತಣಿಸುವ ಗ್ಲುಟಾಥಯೋನ್ ದಿನಾ ಕುಡಿಯುವವರಲ್ಲಿ, ಊಟ ಬಿಟ್ಟವರಲ್ಲಿ ಮೊದಲೇ ಕಡಿಮೆ ಇರುತ್ತದೆ. ಕಾಮಾಲೆಯವನು ಊಟ ಬಿಟ್ಟಿರುತ್ತಾನೆ. ಕುಡಿದ ಮಾರನೆಯ ದಿನ ತಲೆನೋವಿಗೆ ನುಂಗುವುದೂ ಅದನ್ನೇ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಕಾಮಾಲೆ ಇಳಿದ ಮೇಲೆ ಒಂದು ಪೆಗ್ ಹಾಕಿದವರೆಲ್ಲ ಸಾಯುವುದಿಲ್ಲ. ಬಹಳ ಮಂದಿಗೆ ಏನೂ ಆಗುವುದಿಲ್ಲ. ಆದರೆ ನಮ್ಮ ಕಡೆ ಬುದ್ಧಿ ಹೇಳುವುದೇ ‘ಕುಡಿದರೆ ಸತ್ತೇ ಹೋಗ್ತೀಯ’ ಎಂದು. ಹೀಗೆ ಹೆದರಿಸಿಕೊಂಡವನು ಮದುವೆ ಮುಗಿದ ಮಾರನೆಯ ದಿನ ಬೀಗರ ಊಟದಲ್ಲಿ ಕೂರುತ್ತಾನೆ. ಬಾಳೆಎಲೆಯ ಪಕ್ಕದಲ್ಲಿ ಬಾಟಲಿ ತೆರೆದಿರುತ್ತದೆ. ‘ಒಂದ್ ಪೆಗ್ಗಿಗೆ ಏನಾಗಕ್ಕಿಲ್ಲ ಬಾರ್ಲಾ’ ಅನ್ನುತ್ತಾರೆ. ಕುಡಿಯುತ್ತಾನೆ, ಸಾಯುವುದಿಲ್ಲ. ಅಲ್ಲಿಗೆ ಡಾಕ್ಟರ ಮಾತೆಲ್ಲ ಸುಳ್ಳಾಗಿಬಿಡುತ್ತದೆ. ಯುಗಾದಿಯ ಮಾರನೆಯ ದಿನದ ಹೊಸತೊಡಕಂತೂ ಹೇಳುವುದೇ ಬೇಡ. ಬೇಸಿಗೆಯಲ್ಲಿ ನೀರು ಕಮ್ಮಿಯಾಗಿ, ಟ್ಯಾಂಕರ್ ನೀರು ಬಂದು, ಜಾತ್ರೆಗಳು ಶುರುವಾಗಿ ಕಾಮಾಲೆ ಕಾಣಿಸಿಕೊಳ್ಳುವ ಕಾಲವೂ, ಊರಿಗೆ ಊರೇ ಬಾಡೂಟಕ್ಕೆ ಕೂರುವ ಕಾಲವೂ ಒಂದೇ.

ನಾನು ಕಂಡ ಒಬ್ಬರ ಕತೆ ಹೇಳುತ್ತೇನೆ. ಗುರುತು ಸಿಗದ ಹಾಗೆ. ಮೂವತ್ತರ ಆಸುಪಾಸಿನ ಲಾರಿ ಚಾಲಕ. ಮೊದಲ ರಿಪೋರ್ಟಿನಲ್ಲಿ ಎಸ್‌ಜಿಪಿಟಿ ಎರಡು ಸಾವಿರದ ಮೇಲೆ, ಹೆಪಟೈಟಿಸ್ ಎ ಪರೀಕ್ಷೆ ಪಾಸಿಟಿವ್. ವಾರ ವಾರಕ್ಕೂ ಅಂಕಿ ಚೆನ್ನಾಗಿ ಇಳಿಯಿತು. ಎಸ್‌ಜಿಪಿಟಿ ನೂರರೊಳಗೆ ಬಂದ ರಿಪೋರ್ಟ್ ಒಯ್ಯಲು ಅವರ ಹೆಂಡತಿ ಬಂದರು. ಹಣ ಕೊಟ್ಟು, ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು, ಬಾಗಿಲವರೆಗೆ ಹೋಗಿ ತಿರುಗಿ ಬಂದು ಕೇಳಿದರು: “ಮೇಡಂ, ನಾರ್ಮಲ್ ಬಂದೈತಾ? ನಾರ್ಮಲ್ ಬಂದ್ರೆ ಸುರು ಮಾಡ್ಕತೀನಿ ಅಂತಾವ್ರೆ.” ನನ್ನ ಕೆಲಸ ಅಂಕಿ ಕೊಡುವುದು, ಸಲಹೆ ಕೊಡುವುದಲ್ಲ. ಡಾಕ್ಟರನ್ನು ಕೇಳಿ ಅಂದೆ. ಡಾಕ್ಟರ ಬಳಿ ಹೋಗಲು ಆಕೆಗೆ ಇನ್ನೊಂದು ದಿನದ ಕೂಲಿ ಬಿಡಬೇಕಿತ್ತು. ಕೆಲವು ವಾರ ಕಳೆದು ಅದೇ ಮನುಷ್ಯನ ರಕ್ತ ಮತ್ತೆ ಬಂತು. ಈ ಸಲ ಎಸ್‌ಜಿಪಿಟಿಗಿಂತ ಎಸ್‌ಜಿಒಟಿ ಮುಂದಿತ್ತು, ಜಿಜಿಟಿ ಏರಿತ್ತು. ಇವೆರಡೂ ಲಿವರ್ ಕೆಟ್ಟಾಗ ರಕ್ತದಲ್ಲಿ ಏರುವ ಇನ್ನೆರಡು ಕಿಣ್ವಗಳು. ವೈರಸ್ಸಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಎಸ್‌ಜಿಪಿಟಿ ಮುಂದಿರುತ್ತದೆ. ಎಸ್‌ಜಿಒಟಿ ಅದನ್ನು ಹಿಂದೆ ಹಾಕಿದರೆ, ಜಿಜಿಟಿಯೂ ಏರಿದರೆ, ಮದ್ಯದ ಮೇಲೆ ಅನುಮಾನ ಹೋಗುತ್ತದೆ. ಆದರೆ ಅದು ಅನುಮಾನ ಮಾತ್ರ. ಕಾಯಿಲೆ ತಾನಾಗಿ ಮರುಕಳಿಸಿತೇ, ಕುಡಿತ ಮರುಕಳಿಸಿತೇ ಎಂದು ನೋಡಿದ ಡಾಕ್ಟರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಮತ್ತೆ ಸ್ಕ್ಯಾನು, ಮತ್ತೆ ಪರೀಕ್ಷೆಗಳು, ಮತ್ತೆ ಲಾರಿ ಬಿಟ್ಟು ಮನೆಯಲ್ಲಿ ಕೂತದ್ದು. ಮನುಷ್ಯ ಬದುಕಿದ್ದಾರೆ, ಚೆನ್ನಾಗಿದ್ದಾರೆ. ಚೇತರಿಕೆಯ ನಡುವೆ ಕುಡಿದರೆ ಲಿವರ್‌ಗೆ ಪೆಟ್ಟಾಗುವುದು ಒಂದಾದರೆ, ರಿಪೋರ್ಟನ್ನು ಓದಲಾಗದ ಹಾಗೆ ಕಲಸಿಬಿಡುವುದು ಇನ್ನೊಂದು. ಈ ಎರಡನೆಯದನ್ನು ಯಾರೂ ರೋಗಿಗೆ ಹೇಳಿದ್ದನ್ನು ನಾನು ಕೇಳಿಲ್ಲ.

ಅಂಕಿಗಳನ್ನು ನೋಡಿ ಜನ ಹೆದರುವುದೂ ತಪ್ಪು ಜಾಗದಲ್ಲಿ, ಧೈರ್ಯ ತಂದುಕೊಳ್ಳುವುದೂ ತಪ್ಪು ಜಾಗದಲ್ಲಿ. ಎಸ್‌ಜಿಪಿಟಿ ಎರಡು ಸಾವಿರ ಎಂದರೆ ಮನೆಯವರು ಗೋಳಾಡುತ್ತಾರೆ. ನಿಜವಾಗಿ ಅಪಾಯ ಹೇಳುವುದು ರಕ್ತ ಹೆಪ್ಪುಗಟ್ಟುವ ಹೊತ್ತನ್ನು ಅಳೆಯುವ ಐಎನ್‌ಆರ್ ಮತ್ತು ರೋಗಿಯ ಎಚ್ಚರ. ಎಸ್‌ಜಿಪಿಟಿ ಸರಸರನೆ ಇಳಿಯುತ್ತಾ ಬಿಲಿರುಬಿನ್ ಮತ್ತು ಐಎನ್‌ಆರ್ ಏರುತ್ತಿದ್ದರೆ, ಸಾಯಲು ಕೋಶಗಳೇ ಉಳಿದಿಲ್ಲ ಎಂಬ ಕೆಟ್ಟ ಅರ್ಥವೂ ಅದಕ್ಕಿರಬಹುದು. ಅಂಥ ರಿಪೋರ್ಟನ್ನು ಹಿಡಿದು ‘ಇಳಿದೈತೆ’ ಎಂದು ಖುಷಿಪಟ್ಟವರನ್ನು ನಾನು ಕಂಡಿದ್ದೇನೆ.

ಮಾನ್ಯರೇ, ಈ ಸಮಸ್ಯೆ ಇವತ್ತು ಯಾಕೆ ಹೆಚ್ಚಾಗಿದೆ ಎಂದರೆ ಕಾಯಿಲೆಯ ವಯಸ್ಸು ಬದಲಾಗುತ್ತಿದೆ. ಹಿಂದೆ ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಐದಾರು ವರ್ಷದೊಳಗೇ ಹೆಪಟೈಟಿಸ್ ಎ ಬಂದು, ಕಣ್ಣು ಕೂಡ ಹಳದಿಯಾಗದೆ ಹೋಗಿಬಿಡುತ್ತಿತ್ತು. ಜೀವನಪೂರ್ತಿ ಮತ್ತೆ ಬರುತ್ತಿರಲಿಲ್ಲ. ಶೌಚಾಲಯ ಬಂತು, ನಲ್ಲಿ ಬಂತು, ಮಕ್ಕಳು ತಪ್ಪಿಸಿಕೊಂಡರು. ಒಳ್ಳೆಯದೇ ಆಯಿತು. ಆದರೆ ಹಾಗೆ ತಪ್ಪಿಸಿಕೊಂಡವರು ಇಪ್ಪತ್ತು ಮೂವತ್ತರಲ್ಲಿ ಎಲ್ಲೋ ಒಡೆದ ಪೈಪಿನ ನೀರು ಕುಡಿದಾಗ ಕಾಯಿಲೆ ಜೋರಾಗಿ ಬರುತ್ತದೆ. ದೊಡ್ಡವರಲ್ಲಿ ಹತ್ತರಲ್ಲಿ ಏಳು ಮಂದಿಗೆ ಕಾಮಾಲೆ ಕಾಣಿಸುತ್ತದೆ. 2024ರಲ್ಲಿ ನಮ್ಮ ಪಕ್ಕದ ಕೇರಳದಲ್ಲಿ, ಎರ್ನಾಕುಳಂ ಜಿಲ್ಲೆಯ ವೆಂಗೂರು ಪಂಚಾಯಿತಿಯಲ್ಲಿ ಕುಡಿಯುವ ನೀರಿನಿಂದ ಹೆಪಟೈಟಿಸ್ ಎ ಹರಡಿ ಇನ್ನೂರಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು. ಅಷ್ಟು ಮುಂದುವರಿದ ಆರೋಗ್ಯ ವ್ಯವಸ್ಥೆಯ ರಾಜ್ಯದಲ್ಲೇ ಹೀಗಾದರೆ ನಮ್ಮಲ್ಲಿ ಆಗಬಾರದೆಂದೇನಿಲ್ಲ. ಒಟ್ಟಿನಲ್ಲಿ, ಶಾಲೆಯ ಬೆಂಚಿನಲ್ಲಿ ಬರುತ್ತಿದ್ದ ಕಾಯಿಲೆ ಈಗ ಬಾರಿನ ಬೆಂಚಿಗೆ ಹೋಗುವ ವಯಸ್ಸಿನಲ್ಲಿ ಬರುತ್ತಿದೆ. ಚಿಕಿತ್ಸೆಯ ಚೀಟಿ ಮಾತ್ರ ಇನ್ನೂ ಮಕ್ಕಳಿಗೆ ಬರೆದ ಹಾಗೇ ಇದೆ: ಎಳನೀರು ಕುಡಿ, ಎಣ್ಣೆಪದಾರ್ಥ ತಿನ್ನಬೇಡ.

ಪಥ್ಯದ ವಿಷಯ ಬಂತು. ನಮ್ಮ ಜನ ಕಾಮಾಲೆಗೆ ಏನೇನು ಬಿಡುತ್ತಾರೆ ನೋಡಿ. ಬಣ್ಣ ಹಳದಿ ಎಂದು ಅರಿಶಿನ ಬಿಡುತ್ತಾರೆ, ಬೇಳೆ ಬಿಡುತ್ತಾರೆ, ತುಪ್ಪ ಬಿಡುತ್ತಾರೆ, ಕಾಫಿ ಬಿಡುತ್ತಾರೆ. ಲಿವರ್‌ಗೆ ಕಾಫಿಯಿಂದ ಹಾನಿಯಿಲ್ಲ. ಬೇಳೆ ಬಿಟ್ಟರೆ ಕೋಶ ಕಟ್ಟಲು ಬೇಕಾದ ಪ್ರೊಟೀನೇ ಸಿಗುವುದಿಲ್ಲ. ತಂಪೆಂದು ರಸ್ತೆಬದಿಯ ಕಬ್ಬಿನ ಹಾಲು ಕುಡಿಯುತ್ತಾರೆ, ಅದಕ್ಕೆ ಹಾಕುವ ಐಸು ಯಾವ ನೀರಿನದೋ ದೇವರಿಗೇ ಗೊತ್ತು. ತೋಳಿಗೆ ಬರೆ ಹಾಕಿಸಿಕೊಂಡವರು, ಕಣ್ಣಿಗೆ ರಸ ಬಿಡಿಸಿಕೊಂಡವರು ಇವತ್ತಿಗೂ ಬರುತ್ತಾರೆ. ಇಷ್ಟೆಲ್ಲ ಮಾಡುವ ಜನಕ್ಕೆ ಶಿಸ್ತಿಲ್ಲ ಎಂದು ಹೇಳಲಾಗುವುದಿಲ್ಲ. ಉಪ್ಪು ಖಾರ ಬಿಟ್ಟು ತಿಂಗಳುಗಟ್ಟಲೆ ಗಂಜಿ ಕುಡಿಯುವ ಶಕ್ತಿ ಇರುವವರಿಗೆ ಮದ್ಯ ಬಿಡುವ ಶಕ್ತಿಯೂ ಇರುತ್ತದೆ, ಪಥ್ಯದ ಪಟ್ಟಿಯಲ್ಲಿ ಅದನ್ನು ಮೊದಲ ಸಾಲಿಗೆ ತಂದು ಗಡುವು ಹೇಳಿದರೆ. ಇನ್ನು ನೆಲನೆಲ್ಲಿಯ ಬಗ್ಗೆ ನನಗೆ ತಕರಾರಿಲ್ಲ, ಬಾಯಿಗೆ ಹಾಕುವುದು ತೊಳೆದ ಸೊಪ್ಪಾಗಿದ್ದರೆ ಸಾಕು. ಆದರೆ ಲಿವರ್ ಟಾನಿಕ್ ಎಂದು ಕೊಡುವ ಕುಮಾರ್ಯಾಸವ, ರೋಹಿತಕಾರಿಷ್ಟದಂಥ ಆಸವ ಅರಿಷ್ಟಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ. ಬಾಟಲಿಯ ಮೇಲೇ ಬರೆದಿರುತ್ತದೆ. ಪ್ರಮಾಣ ಸಣ್ಣದು ನಿಜ. ಆದರೂ ಕಾಮಾಲೆಯವರಿಗೆ ಅದು ಬೇಕೇ ಎಂದು ಆಯುಷ್ ವೈದ್ಯರೂ ಅಲೋಪತಿ ವೈದ್ಯರೂ ಒಂದು ಕಡೆ ಕೂತು ತೀರ್ಮಾನಿಸಲಿ. ಈಗ ಒಬ್ಬರು ಬಿಡು ಅಂದದ್ದನ್ನು ಇನ್ನೊಬ್ಬರು ಚಮಚದಲ್ಲಿ ಅಳೆದು ಕೊಡುತ್ತಿದ್ದಾರೆ.

ಹೀಗೇ ಇನ್ನೊಂದು ನಂಬಿಕೆ, ಬಿಯರ್ ತಂಪು, ಅದಕ್ಕೆ ಏನೂ ಆಗಲ್ಲ ಅನ್ನುವುದು. ಲೆಕ್ಕ ಹಾಕಿ ನೋಡಿ. 90 ಎಂಎಲ್ ಟೆಟ್ರಾ ಪ್ಯಾಕಿನಲ್ಲಿ ಶೇಕಡಾ 42.8ರ ವಿಸ್ಕಿ ಇದ್ದರೆ ಶುದ್ಧ ಮದ್ಯಸಾರ ಸುಮಾರು 30 ಗ್ರಾಂ. 180ರ ಕ್ವಾರ್ಟರಿನಲ್ಲಿ 60 ಗ್ರಾಂ. ಶೇಕಡಾ 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ 40 ಗ್ರಾಂ. ಒಂದು ಸ್ಟ್ರಾಂಗ್ ಬಿಯರ್ ಎಂದರೆ ಒಂದು ಟೆಟ್ರಾ ಪ್ಯಾಕಿಗಿಂತ ಹೆಚ್ಚು. ಇದನ್ನು ಬಾಟಲಿಯ ಮೇಲೆ ಗ್ರಾಂ ಲೆಕ್ಕದಲ್ಲಿ ಬರೆಯುವುದಿಲ್ಲ, ಹಾಗಾಗಿ ಕುಡಿಯುವವನಿಗೆ ಗೊತ್ತಿಲ್ಲ. ವಿಸ್ಕಿ ಬೆರೆಸಿದರೆ ನೀರಿನ ಕ್ರಿಮಿ ಸಾಯುತ್ತದೆ ಎಂಬ ಮಾತೂ ಇದೆ. ನೀರು ಬೆರೆತ ಲೋಟದಲ್ಲಿ ಉಳಿಯುವ ಮದ್ಯಸಾರ ಹೆಪಟೈಟಿಸ್ ಎ ವೈರಸ್ಸನ್ನು ಏನೂ ಮಾಡುವುದಿಲ್ಲ. ಲೋಟ ಅದ್ದಿ ತೆಗೆದ ಬಕೆಟ್ಟಿನ ನೀರಿನಿಂದಲೂ, ಐಸಿನಿಂದಲೂ ಆ ವೈರಸ್ ಬರಬಲ್ಲದು. ಬಾರುಗಳಿಗೆ ಲೈಸೆನ್ಸ್ ಕೊಡುವ ಇಲಾಖೆ ಅಲ್ಲಿನ ನೀರಿನ ಟ್ಯಾಂಕನ್ನೂ ಒಮ್ಮೆ ನೋಡಬೇಕು.

ಕಾಮಾಲೆ ಬಂದದ್ದೇ ಕುಡಿದದ್ದಕ್ಕೆ ಎಂಬ ಅಪವಾದ ಬೇರೆ. ಕುಡಿತದ ವಾಸನೆಯೂ ಗೊತ್ತಿಲ್ಲದ ಕಾಲೇಜು ಹುಡುಗನಿಗೆ ಹೆಪಟೈಟಿಸ್ ಎ ಬಂದರೆ ತಾಯಿ ರಿಪೋರ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುತ್ತಾಳೆ, ನಾಳೆ ಹೆಣ್ಣು ಕೊಡುವವರು ಏನಂದುಕೊಂಡಾರು ಎಂದು. ದಿನಾ ಕುಡಿಯುವವನಿಗೆ ನಿಜವಾಗಿ ವೈರಸ್ಸೇ ಬಂದಿದ್ದರೂ ‘ಕುಡಿದು ಮಾಡ್ಕೊಂಡಿದೀಯ’ ಎಂದು ಬೈದು, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆಯನ್ನೇ ಬರೆಯದೆ ಕಳಿಸಿದ್ದನ್ನು ಕಂಡಿದ್ದೇನೆ. ಹೀಗೆ ಕಳಿಸಿದ ಒಬ್ಬರಿಗೆ ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಹೆಪಟೈಟಿಸ್ ಬಿ ಇದೆ ಎಂದು ಗೊತ್ತಾಯಿತು. ಆಗ ಲಿವರ್ ಗಂಟುಗಟ್ಟಿ ಸಿರೋಸಿಸ್ ಆಗಿತ್ತು. ಬಿ ಮತ್ತು ಸಿ ವೈರಸ್ ಎ, ಇ ಹಾಗಲ್ಲ. ವರ್ಷಗಟ್ಟಲೆ ಒಳಗೇ ಕೂರುತ್ತವೆ, ಮದ್ಯ ಸೇರಿದರೆ ಸಿರೋಸಿಸ್ ದಾರಿ ಹತ್ತಿರವಾಗುತ್ತದೆ. ಕೇಂದ್ರ ಸರ್ಕಾರ 2018ರ ಜುಲೈ 28ರಂದು ಶುರುಮಾಡಿದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇವೆರಡಕ್ಕೂ ಪರೀಕ್ಷೆ, ಔಷಧ ಉಚಿತ. ಸಿ ವೈರಸ್ ಅನ್ನು ಹೆಚ್ಚಿನವರಲ್ಲಿ ಹನ್ನೆರಡು ವಾರದ ಮಾತ್ರೆಯಿಂದಲೇ ದೇಹದಿಂದ ಓಡಿಸಬಹುದು. ಕುಡಿಯುತ್ತಾನೆಂಬ ಕಾರಣಕ್ಕೆ ಈ ಮಾತ್ರೆ ನಿರಾಕರಿಸಬೇಕಾಗಿಲ್ಲ. ಇಷ್ಟು ಒಳ್ಳೆಯ ವ್ಯವಸ್ಥೆ ಇದ್ದೂ ಬೈಗುಳಕ್ಕೆ ಹೆದರಿ ಕುಡಿಯುವವರು ಅದರ ಹತ್ತಿರ ಬರುತ್ತಿಲ್ಲ.

ಇನ್ನು ಕುಡಿತ ಚಟವಾಗಿರುವವರ ಪಾಡು. ಅವರಿಗೆ ‘ಇವತ್ತಿಂದ ಬಿಡು’ ಅಂದರೆ ಸಾಲದು, ಅಪಾಯ ಕೂಡ. ವರ್ಷಗಟ್ಟಲೆ ದಿನಾ ಕ್ವಾರ್ಟರ್, ಹಾಫ್ ಹಾಕುತ್ತಿದ್ದವರು ಕಾಮಾಲೆ ಬಂದು ವಾರ್ಡಿಗೆ ಸೇರಿ ದಿಢೀರನೆ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಇಲ್ಲದ್ದು ಕಾಣಿಸಿ ಬಡಬಡಿಸಬಹುದು. ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುತ್ತಾರೆ. ಲಿವರ್ ಸೋತು ಮಿದುಳಿಗೆ ಮಂಕು ಕವಿದಾಗಲೂ ಮನುಷ್ಯ ಬಡಬಡಿಸುತ್ತಾನೆ. ಇದು ಯಾವುದು ಎಂದು ತಿಳಿಯಬೇಕಾದರೆ ಅವನು ಎಷ್ಟು ಕುಡಿಯುತ್ತಿದ್ದ, ಕೊನೆಯ ಸಲ ಯಾವಾಗ ಕುಡಿದ ಎಂದು ದಾಖಲಾಗುವ ದಿನವೇ ಸಮಾಧಾನದಲ್ಲಿ ಕೇಳಿ ಬರೆದಿರಬೇಕು. ನಡುಕ ತಡೆಯಲು ಔಷಧಗಳಿವೆ, ಥಯಾಮಿನ್ ಎಂಬ ಬಿ1 ವಿಟಮಿನ್ ಕೊಡಬೇಕಾಗುತ್ತದೆ, ಲಿವರ್ ಕೆಟ್ಟವರಿಗೆ ಆರಿಸುವ ಔಷಧವೂ ಬೇರೆ. ಯಾರೂ ಕೇಳದೆ ಹೋದರೆ ಹೆಂಡತಿ ಬಸ್ ಸ್ಟ್ಯಾಂಡಿನ ಗೋಡೆ ನೋಡುತ್ತಾಳೆ. ‘ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂಬ ಚೀಟಿ ಅಲ್ಲಿ ಅಂಟಿರುತ್ತದೆ. ಆ ಪುಡಿಯಲ್ಲಿ ಏನಿದೆಯೋ ಕೊಡುವವನೂ ಹೇಳುವುದಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಇದ್ದರಂತೂ ಅದೇ ಲಿವರ್ ಕೆಡಿಸಬಲ್ಲ ಔಷಧ. ಕಾಮಾಲೆಯಿಂದ ಎದ್ದವನ ಸಾರಿಗೆ ಅದನ್ನು ಗೊತ್ತಿಲ್ಲದೆ ಬೆರೆಸುವ ಹೆಣ್ಣುಮಗಳಿಗೆ ಬೇರೆ ದಾರಿ ತೋರಿಸಿದವರು ಯಾರು?

ದಾರಿಗಳು ಇಲ್ಲವೆಂದಲ್ಲ. ನಿಮ್ಹಾನ್ಸ್ ನಮ್ಮ ರಾಜ್ಯದಲ್ಲೇ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಈ ನಂಬರು ಕಾಮಾಲೆ ರೋಗಿಯ ಚೀಟಿಯ ಮೇಲೆ ಇರುವುದನ್ನು ನಾನು ನೋಡಿಲ್ಲ.

ಈಗ ಕೋರಿಕೆಗಳಿಗೆ ಬರುತ್ತೇನೆ. ಆರೋಗ್ಯ ಸಚಿವರೇ, ಕಾಮಾಲೆಯಿಂದ ಬಿಡುಗಡೆಯಾಗುವ ಪ್ರತಿಯೊಬ್ಬರಿಗೂ ಕನ್ನಡದಲ್ಲಿ ಅಚ್ಚಾದ ಒಂದು ಚೀಟಿ ಕಡ್ಡಾಯ ಮಾಡಿ, ಸರ್ಕಾರಿ ಖಾಸಗಿ ಎರಡೂ ಕಡೆ. ಗಡುವು ಎಷ್ಟು ಎಂದು ನಾನು ಹೇಳುವವಳಲ್ಲ. ಲಿವರ್ ತಜ್ಞರನ್ನು ಕೂರಿಸಿ ಒಂದು ಲೆಕ್ಕಕ್ಕೆ ಬನ್ನಿ: ಎರಡು ಸಲದ ಪರೀಕ್ಷೆ ನಾರ್ಮಲ್ ಬರುವವರೆಗೆ ಅನ್ನಿ, ಆರು ತಿಂಗಳು ಅನ್ನಿ. ರಾಜ್ಯದಲ್ಲಿ ಎಲ್ಲರೂ ಒಂದೇ ಹೇಳಲಿ. ಬಿ, ಸಿ ಇದ್ದವರಿಗೆ, ಸಿರೋಸಿಸ್ ಇದ್ದವರಿಗೆ ಗಡುವೇ ಇಲ್ಲ, ಪೂರ್ತಿ ಬಿಡಬೇಕು ಎಂಬುದನ್ನೂ ಅದೇ ಚೀಟಿಯಲ್ಲಿ ಬೇರೆ ಸಾಲಿನಲ್ಲಿ ಬರೆಸಿ. ಮರುಪರೀಕ್ಷೆ ಬಿಪಿಎಲ್ ಕುಟುಂಬಕ್ಕೆ ಹತ್ತಿರದ ಸರ್ಕಾರಿ ಕೇಂದ್ರದಲ್ಲೇ ಉಚಿತವಾಗಿ, ಕೂಲಿ ಕಳೆಯದ ಹೊತ್ತಿನಲ್ಲಿ ಆಗಲಿ. ತಾರೀಖಿಗೆ ಬಾರದವರ ಮನೆಗೆ ಆಶಾ ಕಾರ್ಯಕರ್ತೆಯರು ಹೋಗಿ ನೆನಪಿಸಬಹುದು. ಆದರೆ ಈಗಿರುವ ಕೆಲಸದ ಮೇಲೆ ಇನ್ನೊಂದು ಹೊರೆ ಬಿಟ್ಟಿಯಾಗಿ ಹೊರಿಸಬೇಡಿ, ಅದಕ್ಕೂ ಗೌರವಧನ ಇಡಿ. ಇದರಿಂದ ನಮ್ಮಂಥ ಖಾಸಗಿ ಲ್ಯಾಬಿಗೆ ವ್ಯಾಪಾರ ಕಮ್ಮಿಯಾಗುತ್ತದೆ ಎಂದು ನಮ್ಮ ಮಾಲೀಕರು ಗೊಣಗಬಹುದು. ಗೊಣಗಲಿ.

ಊರಿನಲ್ಲಿ ನೀರು ಕೆಟ್ಟು ಕಾಮಾಲೆ ಹರಡಿದಾಗ ಆಟೋಗೆ ಮೈಕು ಕಟ್ಟಿ ‘ನೀರು ಕುದಿಸಿ ಕುಡಿಯಿರಿ’ ಎಂದು ಕೂಗಿಸುತ್ತೀರಿ. ಅದಕ್ಕೇ ಇನ್ನೆರಡು ಮಾತು ಸೇರಿಸಿ: ಕಾಮಾಲೆ ಆದವರು ಮದ್ಯ ಮುಟ್ಟಬೇಡಿ, ಡಾಕ್ಟರನ್ನು ಕೇಳದೆ ಜ್ವರದ ಮಾತ್ರೆ ನುಂಗಬೇಡಿ. ಗರ್ಭಿಣಿಯರಿಗೆ ಹೆಪಟೈಟಿಸ್ ಇ ಬಂದರೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಪ್ರಾಣಕ್ಕೇ ಕುತ್ತು. ಅವರು ತಕ್ಷಣ ಆಸ್ಪತ್ರೆಗೆ ಬರಲಿ ಎಂದೂ ಕೂಗಿಸಿ. ದೆಹಲಿಯಲ್ಲಿ 1955–56ರಲ್ಲಿ ಯಮುನೆಯ ನೀರೆತ್ತುವ ಜಾಗಕ್ಕೆ ಕೊಳಚೆ ಸೇರಿ 29,000ಕ್ಕೂ ಹೆಚ್ಚು ಮಂದಿಗೆ ಕಾಮಾಲೆ ಬಂದಿತ್ತು. ಅದು ಇ ವೈರಸ್ ಎಂದು ಗೊತ್ತಾದದ್ದು ದಶಕಗಳ ಮೇಲೆ. ಈಗ ನಮಗೆ ವೈರಸ್ಸಿನ ಹೆಸರು ಗೊತ್ತು, ಬರುವ ದಾರಿ ಗೊತ್ತು.

ಅಬಕಾರಿ ಸಚಿವರೇ, 2025–26ರ ಬಜೆಟ್ಟಿನಲ್ಲಿ ನಿಮ್ಮ ಇಲಾಖೆಗೆ ಕೊಟ್ಟಿದ್ದ ಗುರಿ 40,000 ಕೋಟಿ ರೂಪಾಯಿ. 2007ರ ಜುಲೈನಲ್ಲಿ ಸಾರಾಯಿ ನಿಲ್ಲಿಸಿದ್ದು ಇದೇ ರಾಜ್ಯ, ಈಗ ಆ ಜಾಗದಲ್ಲಿ ಟೆಟ್ರಾ ಪ್ಯಾಕ್ ಕೂತಿದೆ. ಮದ್ಯ ನಿಷೇಧ ಮಾಡಿ ಎಂದು ನಾನು ಕೇಳುತ್ತಿಲ್ಲ, ಅದು ಬೇರೆಯೇ ಜಗಳ. ನಾನು ಕೇಳುತ್ತಿರುವುದು ಖರ್ಚಿಲ್ಲದ ಕೆಲಸ. ಬಾಟಲಿಯ ಮೇಲಿನ ಎಚ್ಚರಿಕೆಯನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ನಿಯಮದಲ್ಲಿ ಇಂಗ್ಲಿಷಿನಲ್ಲಿ ಕಡ್ಡಾಯ ಮಾಡಿದೆ. ರಾಜ್ಯ ಬಯಸಿದರೆ ತನ್ನ ಭಾಷೆಯಲ್ಲಿ ಅಚ್ಚು ಹಾಕಿಸಬಹುದು ಎಂದು ಅದೇ ನಿಯಮ ಹೇಳುತ್ತದೆ. ಕನ್ನಡದ ಬಗ್ಗೆ ಇಷ್ಟು ಮಾತಾಡುವ ನಾಡಿನಲ್ಲಿ ಅಂಗಡಿಯ ಬೋರ್ಡು ಕನ್ನಡವಾಗಬೇಕು, ಬಾಟಲಿಯ ಎಚ್ಚರಿಕೆ ಯಾಕೆ ಆಗಬಾರದು? ಜೊತೆಗೆ ಎಂಎಸ್‌ಐಎಲ್ ಮಳಿಗೆಗಳೂ ಸೇರಿ ಎಲ್ಲ ಮದ್ಯದಂಗಡಿಗಳ ಕೌಂಟರಿನ ಮುಂದೆ, ದುಡ್ಡು ಚಾಚುವ ಕೈಯ ಎದುರಿಗೇ, ‘ಕಾಮಾಲೆ ಬಂದು ಹೋದವರು ಡಾಕ್ಟರನ್ನು ಕೇಳದೆ ಕೊಳ್ಳಬೇಡಿ’ ಎಂಬ ಫಲಕ ಹಾಕಿಸಿ. ದಿನಾ ನೂರಾರು ಮಂದಿ ಆ ಕೌಂಟರಿನ ಮುಂದೆ ಸಾಲು ನಿಲ್ಲುತ್ತಾರೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಷ್ಟು ಓದುಗರಿಲ್ಲ.

ಚೀಟಿಯ ಮಾತು ಹೇಗಿರಬೇಕೆಂದು ನೀವು ಕೇಳಿದರೆ ನನ್ನದೊಂದು ಕರಡು ಇಲ್ಲಿದೆ. ತಜ್ಞರು ತಿದ್ದಲಿ, ಆದರೆ ಗ್ರಂಥಭಾಷೆಗೆ ಎಳೆಯದೆ ತಿದ್ದಲಿ:

“ನಿಮಗೆ ಬಂದದ್ದು ವೈರಸ್ಸಿನ ಕಾಮಾಲೆ. ಇದು ಕುಡಿದದ್ದರಿಂದ ಬಂದದ್ದಲ್ಲ, ಆದರೆ ಕುಡಿದರೆ ವಾಸಿಯಾಗುವುದು ತಡವಾಗುತ್ತದೆ, ಕೆಲವರಿಗೆ ಅಪಾಯವಾಗುತ್ತದೆ. ಕಣ್ಣು ಬೆಳ್ಳಗಾದರೆ ಲಿವರ್ ವಾಸಿಯಾಯಿತು ಎಂದಲ್ಲ. ವಿಸ್ಕಿ, ರಮ್, ಬ್ರಾಂದಿ, ಬಿಯರ್, ವೈನ್, ಸೇಂದಿ ಯಾವುದನ್ನೂ ____ ತಾರೀಖಿನವರೆಗೆ ಮುಟ್ಟಬೇಡಿ. ಮುಂದಿನ ರಕ್ತಪರೀಕ್ಷೆ ____ ತಾರೀಖು, ____ ಆಸ್ಪತ್ರೆಯಲ್ಲಿ, ಹಣ ಕೊಡಬೇಕಾಗಿಲ್ಲ. ಬಿಡಲು ಕಷ್ಟವಾದರೆ ನಾಚಿಕೆ ಬೇಡ, 14416ಕ್ಕೆ ಫೋನ್ ಮಾಡಿ. ವಾಂತಿ ನಿಲ್ಲದಿದ್ದರೆ, ಹಗಲು ತೂಕಡಿಸಿ ರಾತ್ರಿ ಬಡಬಡಿಸಿದರೆ, ಮೂಗು ವಸಡಿನಲ್ಲಿ ರಕ್ತ ಬಂದರೆ ಅದೇ ಗಳಿಗೆ ಆಸ್ಪತ್ರೆಗೆ ಬನ್ನಿ.”

ಮೂರು ಖಾಲಿ ಜಾಗಗಳನ್ನು ತುಂಬಲು ಡಾಕ್ಟರಿಗೆ ಅರ್ಧ ನಿಮಿಷವೂ ಬೇಡ. ಇದನ್ನು ನಾವೇ ಅಚ್ಚು ಹಾಕಿಸಿ ಲ್ಯಾಬಿನಲ್ಲಿ ಹಂಚಬಹುದಿತ್ತು, ಮಾಲೀಕರು ಒಪ್ಪಿಯೂ ಇದ್ದಾರೆ. ಆದರೆ ಸೂಜಿ ಚುಚ್ಚುವವರು ಕೊಟ್ಟ ಕಾಗದಕ್ಕೆ ಬೀಗರ ಊಟದ ಪಂಕ್ತಿಯಲ್ಲಿ ಬೆಲೆ ಇರುವುದಿಲ್ಲ. ಆರೋಗ್ಯ ಇಲಾಖೆಯ ಮೊಹರು ಇದ್ದರೆ ‘ಡಾಕ್ಟ್ರು ಡೇಟ್ ಕೊಟ್ಟವ್ರೆ, ಅಲ್ಲಿಗಂಟ ಬ್ಯಾಡ’ ಎಂದು ಹೇಳಲು ಅವನಿಗೂ ಒಂದು ನೆಪ ಸಿಗುತ್ತದೆ. ಬರುವ ಯುಗಾದಿಯೊಳಗೆ ಒಂದು ಜಿಲ್ಲೆಯಲ್ಲಾದರೂ ಇದನ್ನು ಶುರು ಮಾಡಿಸಬೇಕೆಂದು ಕೋರುತ್ತೇನೆ.

ವಿಶ್ವಾಸದಿಂದ,
ತಾಲೂಕು ಕೇಂದ್ರವೊಂದರ ಲ್ಯಾಬ್ ಟೆಕ್ನಿಷಿಯನ್